ಕಾರಿನ ಎಡಬದಿಯ ಗೆರೆ

ಬ್ಯಾಡಗಿ, ದಿನಾಂಕ 17-02-2025, ಬೆಳಿಗ್ಗೆ 10 ಗಂಟೆ 20 ನಿಮಿಷ

ನಾನು ರೋಹಿಣಿ ಕೋಂ ಸುದೀಪ ಹಲಗೇರಿ, ವಯಸ್ಸು 31 ವರ್ಷ, ಉದ್ಯೋಗ ಮನೆಯಲ್ಲಿ ಹೊಲಿಗೆ ಕೆಲಸ, ಸಾಕಿನ್ ಕದರಮಂಡಲಗಿ ರಸ್ತೆಯ ಓಣಿ, ಬ್ಯಾಡಗಿ. ನನ್ನನ್ನು ಯಾರೂ ಕರೆಸಿಲ್ಲ. ನಾನಾಗಿಯೇ ಠಾಣೆಗೆ ಬಂದು ಹೇಳಿ ಬರೆಸುವುದೇನೆಂದರೆ:

ನಮ್ಮದು ರಸ್ತೆಗೆ ಹತ್ತಿದ ಮುಂದಿನ ಮನೆ. ನಮ್ಮ ಹಿಂದಿನ ಮನೆಯಲ್ಲಿ ಗಿರಿಯಪ್ಪ ಎಂಬುವರು ಹೆಂಡತಿ ಸುಧಾರಾಣಿಯೊಂದಿಗೆ ಇರುತ್ತಾರೆ. ಮೊನ್ನೆ ಶುಕ್ರವಾರದವರೆಗೆ ಅವರ ತಾಯಿ ಕರಿಯವ್ವನೂ ಇದ್ದರು. ಗಿರಿಯಪ್ಪ ಮೆಣಸಿನಕಾಯಿ ಪೇಟೆಯಲ್ಲಿ ಹಮಾಲ. ಈಗ ಅವರು ಇದೇ ಠಾಣೆಯ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದಾರೆ. ಇವತ್ತು ಮಧ್ಯಾಹ್ನದೊಳಗೆ ಅವರು ತಾಯಿಯ ಸಮಾಧಿಗೆ ಹಾಲುತುಪ್ಪ ಬಿಡಬೇಕು. ಅದಕ್ಕೇ ನಾನು ಬೇಗ ಬೇಗ ಹೇಳುತ್ತಿದ್ದೇನೆ.

ಎರಡೂ ಮನೆಗೆ ಹೋಗಿಬರುವ ಸಂದಿ ಒಂದೇ. ಅಗಲ ಒಂಬತ್ತು ಅಡಿ. ಅದರ ಮೇಲೆ ನನ್ನ ಗಂಡ ಸುದೀಪ ತಗಡು ಹೊದಿಸಿ ತಮ್ಮ ಕಪ್ಪು ಕಾರನ್ನು ನಿಲ್ಲಿಸುತ್ತಾರೆ. ಅವರು ಕೋಲ್ಡ್ ಸ್ಟೋರೇಜಿನಲ್ಲಿ ಗುಮಾಸ್ತರು. ಕಳೆದ ವರ್ಷ ಪಾಲಿಶ್ ಮಾಡುವ ಮಷೀನು ತರಿಸಿ, ಮೊಬೈಲಿನಲ್ಲಿ ನೋಡಿ ಕಲಿತರು. ಕಲಿತದ್ದು ಸುಳ್ಳಲ್ಲ, ಕೈ ಚೆನ್ನಾಗಿ ಕುದುರಿತ್ತು. ಮನೆಯಲ್ಲೇ ಈ ಕೆಲಸ ಶುರುಮಾಡಬೇಕೆಂಬ ಆಸೆ ಅವರಿಗಿತ್ತು. ಹಾವೇರಿಯಲ್ಲಿ ಮದುವೆಗೆ ಕಾರು ಬಾಡಿಗೆ ಕೊಡುವವರೊಬ್ಬರು ಶನಿವಾರ ಬಂದು ನಮ್ಮ ಕಾರಿನ ಹೊಳಪು ನೋಡುವುದಾಗಿಯೂ, ಒಪ್ಪಿಗೆಯಾದರೆ ತಮ್ಮ ಕಾರುಗಳನ್ನು ಕೊಡುವುದಾಗಿಯೂ ಹೇಳಿದ್ದರು.

ಅದಕ್ಕಾಗಿ ನನ್ನ ಗಂಡ ಮಂಗಳವಾರದಿಂದ ರಜೆ ಹಾಕಿ ಕುಳಿತರು. ಮೊದಲು ತೊಳೆದರು. ಜೇಡಿಯಂತಹ ಮೆತ್ತನೆಯ ಉಂಡೆಯಿಂದ ತಿಕ್ಕಿ, ಬಣ್ಣಕ್ಕೆ ಕಚ್ಚಿಕೊಂಡ ಧೂಳು ತೆಗೆದರು. ರಬ್ಬರಿನ ಅಂಚಿಗೆಲ್ಲ ಟೇಪು ಹಚ್ಚಿದರು. ಆಮೇಲೆ ಮಷೀನಿಗೆ ಸ್ಪಂಜಿನ ಪ್ಯಾಡು ಹಾಕಿ ಒಂದೊಂದು ಗೇಣು ಜಾಗವನ್ನೇ ತೀಡಿದರು. ಕಪ್ಪು ಬಣ್ಣದ ಮೇಲೆ ಬೆಳಕು ಓರೆಯಾಗಿ ಬಿದ್ದರೆ ಜೇಡನ ಬಲೆಯಂಥ ಗೆರೆಗಳು ಕಾಣುತ್ತವೆ. ನಾನು ಬ್ಯಾಟರಿ ಹಿಡಿದು ನಿಲ್ಲುವುದು, ಅವರು ಬಗ್ಗಿ ನೋಡಿ ಮತ್ತೆ ತೀಡುವುದು. ನನ್ನ ಮೂರು ಬ್ಲೌಸು ಹೊಲಿಯುವುದು ಬಾಕಿ ಉಳಿಯಿತು.

ಗುರುವಾರ ಕರಿಯವ್ವ ಸಂದಿಯಲ್ಲಿ ಹಾದುಹೋಗುವಾಗ ನಿಂತು ನೋಡಿ, "ಏನಪಾ ಸುದೀಪಾ, ಹೆಂಡ್ತಿ ಮಾರಿ ಇಷ್ಟು ಒರಸಿದ್ರ ಆಕಿನೂ ಬೆಳ್ಳಗ ಆಗ್ತಿದ್ಲಲ್ಲೋ" ಎಂದು ಚೇಷ್ಟೆ ಮಾಡಿದರು. ನನ್ನ ಗಂಡನೂ ನಕ್ಕರು. ಈ ಎರಡು ಮನೆಗಳ ನಡುವೆ ಹಿಂದೆ ಯಾವ ಜಗಳವೂ ಇರಲಿಲ್ಲ. ನನ್ನ ಬಾಣಂತನದಲ್ಲಿ ಎರೆದವರೂ ಕರಿಯವ್ವನೇ.

ದಿನಾಂಕ 14ರಂದು, ಶುಕ್ರವಾರ, ಸಂಜೆ 4-40ಕ್ಕೆ ನನ್ನ ಗಂಡ ಕೊನೆಯ ಕೋಟಿಂಗ್ ಹಚ್ಚಿ ಮುಗಿಸಿದರು. ಅದು ಆರುವ ತನಕ, ಅಂದರೆ ಮರುದಿನ ಬೆಳಗಿನವರೆಗೆ, ಯಾರೂ ಮುಟ್ಟಬಾರದು, ಧೂಳು ಬೀಳಬಾರದು ಎಂದು ನಮಗೆಲ್ಲ ತಾಕೀತು ಮಾಡಿದರು. ಬಾಗಿಲಿನಲ್ಲಿ ನನ್ನ ಮುಖ ಕನ್ನಡಿಯಲ್ಲಿ ಕಂಡಂತೆ ಕಂಡಿತು. ಚೆನ್ನಾಗಿದೆ ಎಂದೆ. ಖರೇನೇ ಚೆನ್ನಾಗಿತ್ತು.

5-50ರ ಸುಮಾರಿಗೆ ಗಿರಿಯಪ್ಪ ಓಡಿಬಂದು, ತಾಯಿಗೆ ಎದೆ ಹಿಡಿದುಕೊಂಡಿದೆ, ಮೈಯೆಲ್ಲ ಬೆವತಿದೆ, ಕಾರು ತೆಗೆಯಬೇಕು ಎಂದು ಕೇಳಿದರು. ನನ್ನ ಗಂಡ ಕಾರಿನ ಕಡೆ ನೋಡಿದರು. ಕೋಟಿಂಗ್ ಹಸಿ ಇದೆ, ಹೊರಗೆ ಮೆಣಸಿನಕಾಯಿ ಲಾರಿಗಳ ಧೂಳು ಎದ್ದಿದೆ, ಒಮ್ಮೆ ಕೂತರೆ ಹೋಗುವುದಿಲ್ಲ, 108ಕ್ಕೆ ಫೋನ್ ಮಾಡುತ್ತೇನೆ ಎಂದರು. ಮಾಡಿದರು ಕೂಡ. ಇದನ್ನೂ ಬರೆದುಕೊಳ್ಳಬೇಕು. ಗಾಡಿ ಬೇರೆ ಕಡೆ ಹೋಗಿದೆ, ಅರ್ಧ ತಾಸಾಗುತ್ತದೆ ಎಂದು ಉತ್ತರ ಬಂತು.

ಗಿರಿಯಪ್ಪ ರಸ್ತೆಗೆ ಹೋಗಿ ಲಕ್ಷ್ಮಪ್ಪ ಎಂಬುವರ ಆಟೋ ತಂದರು. ಕಾರು ಅಡ್ಡ ಇದ್ದುದರಿಂದ ಆಟೋ ಸಂದಿಯೊಳಗೆ ಬರಲಿಲ್ಲ. "ತಮ್ಮಾ, ಬ್ಯಾರೇ ಏನ್ ಬ್ಯಾಡೋ, ಕಾರು ರಸ್ತೆಕ್ಕರ ತೆಗಿ, ನಮ್ಮವ್ವನ್ನ ಒಯ್ಯಾಕ ದಾರಿ ಆಕ್ಕೈತಿ" ಎಂದು ಗಿರಿಯಪ್ಪ ಕೈಮುಗಿದರು. ನಾನು ಕೀಲಿ ಕೇಳಿದೆ. ಕೀಲಿ ನನ್ನ ಗಂಡನ ಕಿಸೆಯಲ್ಲಿತ್ತು. ಅವರು ಕೊಡಲಿಲ್ಲ, ಕೊಡುವುದಿಲ್ಲ ಎಂದೂ ಹೇಳಲಿಲ್ಲ. ಎರಡು ನಿಮಿಷ ತಡಿರಿ, ಎರಡು ನಿಮಿಷ ತಡಿರಿ ಎನ್ನುತ್ತಾ ಕಾರಿನ ಸುತ್ತ ತಿರುಗಿದರು. ಗಿರಿಯಪ್ಪ ಬೈಯಲಿಲ್ಲ, ಕೈ ಎತ್ತಲಿಲ್ಲ. ಮನೆಯೊಳಗೆ ಹೋದರು.

6-15ಕ್ಕೆ ಕರಿಯವ್ವನನ್ನು ಕಬ್ಬಿಣದ ಮಂಚದ ಸಮೇತ ಹೊತ್ತೆವು. ಮುಂದೆ ಗಿರಿಯಪ್ಪ ಮತ್ತು ಲಕ್ಷ್ಮಪ್ಪ. ಹಿಂದೆ ಗೋಡೆಯ ಕಡೆ ಸುಧಾರಾಣಿ, ಕಾರಿನ ಕಡೆ ನಾನು. ಗಿರಿಯಪ್ಪ ನನ್ನ ಗಂಡನಿಗೆ ಒಂದು ಕೈ ಹಚ್ಚಲು ಹೇಳಿದರು. ಅವರು ತಮ್ಮ ಕೈಗೆ ಕೆಮಿಕಲ್ ಹತ್ತಿದೆ ಎಂದರು. ಕಾರಿನ ಎಡಗನ್ನಡಿಯನ್ನು ಮಡಚಿ, ಅದಕ್ಕೆ ಟವೆಲು ಸುತ್ತಿ, ಮುಂದಿನ ಚಕ್ರದ ಹತ್ತಿರ ನಿಂತು ಹುಷಾರ್ ಹುಷಾರ್ ಎನ್ನುತ್ತಿದ್ದರು. ಕಾರಿಗೂ ಗೋಡೆಗೂ ನಡುವೆ ಉಳಿದಿದ್ದು ಮೂರೂವರೆ ಅಡಿಗಿಂತ ಕಡಿಮೆ. ಅದರಲ್ಲಿ ಮಂಚವೇ ಮೂರು ಅಡಿ. ಕರಿಯವ್ವ ನರಳುವುದನ್ನು ಅಲ್ಲಿಯೇ ನಿಲ್ಲಿಸಿದರು.

ಆಟೋದಲ್ಲಿ ಆಸ್ಪತ್ರೆಗೆ ಒಯ್ದೆವು. ಡಾಕ್ಟರು ನೋಡಿ, ಜೀವ ಹೋಗಿದೆ ಎಂದು ತಿಳಿಸಿದರು. ಯಾಕೆ ತಡವಾಯಿತು ಎಂದು ಯಾರೂ ಕೇಳಲಿಲ್ಲ. ನಾನು ಮನೆಗೆ ಬಂದು ಅಕ್ಕಿ ತೊಳೆದಿಟ್ಟೆ. ಅವತ್ತಿನಿಂದ ನನಗೆ ಏನೂ ಅನ್ನಿಸುತ್ತಿಲ್ಲ. ಊಟ ರುಚಿಸುವುದಿಲ್ಲ, ಅಳುವೂ ಬರುವುದಿಲ್ಲ.

ಶನಿವಾರ ಹೆಣ ಹೊರಡುವ ಹೊತ್ತಿಗೆ ನನ್ನ ಗಂಡ ಕಾರನ್ನು ರಸ್ತೆಗೆ ತೆಗೆದಿದ್ದರು. ಯಾರೂ ಹೇಳಿರಲಿಲ್ಲ. ಬಿಸಿಲಿನಲ್ಲಿ ಹಿಂದಿನ ಬಾಗಿಲಿನಿಂದ ಮುಂದಿನ ಚಕ್ರದ ಹತ್ತಿರದವರೆಗೆ ಉದ್ದ ಗೆರೆ ಕಂಡಿತು. ಉಗುರು ಸಿಕ್ಕುವಷ್ಟು ಆಳ, ಎಷ್ಟು ತೀಡಿದರೂ ಹೋಗುವಂಥದ್ದಲ್ಲ. ಹಾವೇರಿಯವರು ಬಂದು ನೋಡಿ, ಚಹ ಕುಡಿಯದೆ ಹೋದರು. ಭಾನುವಾರ ನನ್ನ ಗಂಡ ಈ ಠಾಣೆಗೆ ಬಂದು, ಗಿರಿಯಪ್ಪ ಸಿಟ್ಟಿನಿಂದ ಬೇಕಂತಲೇ ಮಂಚವನ್ನು ಕಾರಿಗೆ ಒತ್ತಿ ಎಳೆದರು ಎಂದು ದೂರು ಬರೆಸಿದರು. ನನಗೆ ಅದು ಗೊತ್ತಾದದ್ದು ಇವತ್ತು ಬೆಳಿಗ್ಗೆ ಏಳಕ್ಕೆ, ಪೊಲೀಸರು ಗಿರಿಯಪ್ಪನನ್ನು ಕರೆಯಲು ಬಂದಾಗ. ಸುಧಾರಾಣಿ ಹಾಲಿನ ತಂಬಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

ಆ ದೂರು ತಪ್ಪು. ಗೆರೆ ಬಿದ್ದದ್ದು ಮಂಚದ ಹಿಂದಿನ ಕಾಲಿನಿಂದ. ಆ ಮೂಲೆ ಇದ್ದದ್ದು ನನ್ನ ಕೈಯಲ್ಲಿ. ಗಿರಿಯಪ್ಪನ ಬೆನ್ನು ನಮ್ಮ ಕಡೆಗಿತ್ತು, ಅವರಿಗೆ ಇದು ಗೊತ್ತೇ ಇಲ್ಲ.

ಸಂದಿಯ ಆ ಗೋಡೆಗೆ ಗಿಲಾವು ಆಗಿಲ್ಲ, ಬರೀ ಸಿಮೆಂಟ್ ಇಟ್ಟಿಗೆ. ಕರಿಯವ್ವನ ಒಂದು ಕೈ ಮಂಚದಿಂದ ಹೊರಗೆ ಜೋತುಬಿದ್ದು ಗೋಡೆಗೆ ಉಜ್ಜುತ್ತಿತ್ತು. ಬೆರಳಿನ ಗಂಟಿನ ಮೇಲೆ ರಕ್ತ ಬಂದಿತ್ತು. ಸುಧಾರಾಣಿಗೂ ನನಗೂ ಎರಡೂ ಕೈ ಮಂಚಕ್ಕೆ ಇದ್ದವು, ಎತ್ತಿ ಒಳಗಿಡಲು ಯಾರ ಕೈಯೂ ಖಾಲಿ ಇರಲಿಲ್ಲ. ನಾನು ಮಂಚವನ್ನು ನನ್ನ ಕಡೆಗೆ, ಅಂದರೆ ಕಾರಿನ ಕಡೆಗೆ ಎಳೆದುಕೊಂಡೆ. ಕಾಲು ಕಾರಿಗೆ ತಾಗಿದ್ದು ಕೈಗೆ ಗೊತ್ತಾಯಿತು, ಶಬ್ದವೂ ಕೇಳಿತು. ಸಂದಿ ಮುಗಿಯುವವರೆಗೂ ನಾನು ಹಾಗೆಯೇ ಎಳೆದುಕೊಂಡು ನಡೆದೆ. ಗೊತ್ತಿದ್ದೇ ಮಾಡಿದೆ. ನನಗೆ ಪಶ್ಚಾತ್ತಾಪ ಇಲ್ಲ.

ಪೊಲೀಸರು ಹೋದ ಮೇಲೆ, ದೂರು ವಾಪಸು ತೆಗೆದುಕೊಳ್ಳಲಿ ಎಂದು ಇದೆಲ್ಲವನ್ನೂ ಹೀಗೆಯೇ ನನ್ನ ಗಂಡನಿಗೆ ಹೇಳಿದೆ. ರಕ್ತ ಬಂದದ್ದನ್ನೂ ಹೇಳಿದೆ. ಅವರು, "ಅಲ್ಲಾ, ನೀ ಸ್ವಲ್ಪ ಮ್ಯಾಲೆ ಎತ್ತಿ ಹಿಡೀಬಾರದಿತ್ತೇನ?" ಎಂದು ಕೇಳಿದರು.

ನಾನು ಚಪ್ಪಲಿ ಮೆಟ್ಟಿಕೊಂಡು ಇಲ್ಲಿಗೆ ಬಂದೆ.

ಇಷ್ಟೇ ನಾನು ಕಂಡದ್ದು ಮತ್ತು ನಾನು ಮಾಡಿದ್ದು. ಬರೆದುಕೊಂಡದ್ದನ್ನು ನನಗೆ ಓದಿ ಹೇಳಿದ್ದಾರೆ, ನಾನು ಹೇಳಿದಂತೆಯೇ ಇದೆ. ಯಾರ ಒತ್ತಾಯಕ್ಕೂ ಹೇಳಿದ್ದಲ್ಲ. ಕೇಸು ಹಾಕುವುದಿದ್ದರೆ ನನ್ನ ಮೇಲೆ ಹಾಕಿ, ಗಿರಿಯಪ್ಪನನ್ನು ಈಗಲೇ ಮನೆಗೆ ಕಳಿಸಬೇಕು.

ಸ್ಥಳ: ಬ್ಯಾಡಗಿ
ದಿನಾಂಕ: 17-02-2025
ಸಹಿ: ರೋಹಿಣಿ ಸು. ಹಲಗೇರಿ