ಬೆಂಟೊನ ಸೋರೆಕಾಯಿ

ಅಲ್ಲ ಮಾರಾಯ್ತಿ, ಅದು ಡ್ಯಾನ್ಸೂ ಹೌದು, ಫೈಟೂ ಹೌದು, ಎರಡೂ ಆದ ಕಾರಣವೇ ಅದು ಇಷ್ಟು ಕಾಲ ಉಳಿದದ್ದು. ಕಾಪೊಯೇರಾ ಕ್ಲಾಸಿಗೆ ಇನ್ನು ಹೋಗುದಿಲ್ಲ, ಅಲ್ಲಿ ಬರೀ ಚಪ್ಪಾಳೆ ಹೊಡೆಸ್ತಾರೆ, ಹಾಡಿಸ್ತಾರೆ, ಒಂದು ಒದೆಯೂ ತಾಗಿಸ್ಲಿಕ್ಕೆ ಬಿಡುದಿಲ್ಲ ಅಂತ ಆ ಬಿಳಿ ಪ್ಯಾಂಟನ್ನು ಸೋಫಾದ ಮೇಲೆ ಬಿಸಾಡಿದ್ಯಲ್ಲ, ಕಂಡೆ ನಾನು. ಬಾ ಇಲ್ಲಿ, ಬಾಲ್ಕನಿಯಲ್ಲಿ ಗಾಳಿ ಉಂಟು, ಕೂತ್ಕೊ. ತಮ್ಮನನ್ನೂ ಕರಿ. ಇಂಗ್ಲಿಷಲ್ಲಿ ಹೇಳು ಅಜ್ಜ ಅಂತ ಶುರು ಮಾಡ್ಬೇಡಿ, ನನ್ನದು ಕ್ಯಾಂಪಿನ ಇಂಗ್ಲಿಷು, ಅದರಲ್ಲಿ ಬೈಲಿಕ್ಕೆ ಮಾತ್ರ ಆಗ್ತದೆ.

ನಾನು ಸೌದಿಗೆ ಬಂದ ಹೊಸತು. ಇದೇ ಅಲ್ ಖೋಬರ್, ಆದ್ರೆ ಈ ಮಾಲುಗಳು ಎಂತದ್ದೂ ಇರ್ಲಿಲ್ಲ, ಊರಿನ ಹೊರಗೆ ಮರಳಲ್ಲಿ ಒಂದು ಲೇಬರ್ ಕ್ಯಾಂಪು, ಅದರ ಮೆಸ್ಸಿನಲ್ಲಿ ನಾನು ಅಡಿಗೆಯವ. ನನ್ನ ಮೊದಲನೇ ನೌಕರಿ. ಪಾಸ್‌ಪೋರ್ಟು ಕಫೀಲನ, ಅಂದ್ರೆ ವೀಸಾ ಕೊಟ್ಟ ಧಣಿಯ ಕೈಯಲ್ಲಿ, ಎರಡು ವರ್ಷ ಊರಿಗೆ ಹೋಗ್ಲಿಕ್ಕಿಲ್ಲ. ದಿನಾ ಎಂತ ಬೇಯಿಸುದು? ಕೋಳಿ, ಅನ್ನ, ದಾಲು. ಮರುದಿನ ದಾಲು, ಅನ್ನ, ಕೋಳಿ. ನಗ್ಬೇಡ, ಹಸಿವೆ ಇರ್ಲಿಲ್ಲ ನಮಗೆ, ಆದ್ರೆ ಊರಿನ ಒಂದು ತರಕಾರಿ ಬಾಯಿಗೆ ಬೀಳದೆ ವರ್ಷ ಕಳೆದ್ರೆ ಮನುಷ್ಯನಿಗೆ ಒಂಥರಾ ಹುಚ್ಚು ಹಿಡೀತದೆ, ಗೊತ್ತುಂಟಾ. ನಾನು ಒಲೆ ಮುಂದೆ ನಿಂತು ಅತ್ತದ್ದೂ ಉಂಟು. ಕೇಳಿದವರಿಗೆ ನೀರುಳ್ಳಿ ಅಂತ ಹೇಳ್ತಿದ್ದೆ.

ಆ ಕ್ಯಾಂಪಲ್ಲಿ ಬ್ರೆಜಿಲ್ ದೇಶದವ ಒಬ್ಬ ಇದ್ದ, ಬೆಂಟೊ ಅಂತ, ವೆಲ್ಡರು. ಕಪ್ಪಗೆ, ಉದ್ದಕ್ಕೆ, ಮಾತು ಕಮ್ಮಿ. ಶುಕ್ರವಾರ ಮಧ್ಯಾಹ್ನದ ಊಟ ಆದ ಮೇಲೆ ಮೆಸ್ಸಿನ ಹಿಂದಿನ ಜಾಗದಲ್ಲಿ ಎಲ್ಲರನ್ನೂ ಸುತ್ತ ನಿಲ್ಲಿಸಿ ಈ ನಿನ್ನ ಕಾಪೊಯೇರಾ ಆಟ ಕಲಿಸ್ತಿದ್ದ. ಪಾಕಿಸ್ತಾನಿ, ಫಿಲಿಪ್ಪೀನಿ, ಮಲಯಾಳಿ ಎಲ್ಲ ಬರ್ತಿದ್ರು, ವಾರವಿಡೀ ಕಚ್ಚಾಡಿದವರು ಅಲ್ಲಿ ಒಟ್ಟಿಗೆ ಚಪ್ಪಾಳೆ ಹೊಡೀತಿದ್ರು. ಅವ ಹೇಳ್ತಿದ್ದ, ಅರ್ಧ ಅರಬ್ಬಿ, ಅರ್ಧ ಕೈಸನ್ನೆ: "ಮೈ ಫ್ರೆಂಡ್, ನಮ್ಮ ಹಿರಿಯರನ್ನು ಆಫ್ರಿಕದಿಂದ ಹಡಗಲ್ಲಿ ತುಂಬಿಸಿ ತಂದದ್ದು, ಕಬ್ಬಿನ ತೋಟಕ್ಕೆ, ಗುಲಾಮರು." ಗುಲಾಮರು ಹೊಡೆದಾಟ ಕಲಿಯುವ ಹಾಗಿಲ್ಲ ಅಲ್ವಾ, ಹಾಗೆ ಅದನ್ನು ಹಾಡಿನೊಳಗೆ, ಕುಣಿತದೊಳಗೆ ಅಡಗಿಸಿ ಇಟ್ರಂತೆ, ಧಣಿ ಬಂದು ನೋಡಿದ್ರೆ ಪಾಪ ಕುಣೀತಿದ್ದಾರೆ ಅಂತ ಹೋಗ್ತಿದ್ದನಂತೆ. ಹಾಗಂತ ಅವನ ಅಜ್ಜಿ ಹೇಳ್ತಿದ್ದದ್ದು. ಗುಲಾಮಗಿರಿ ಹೋದ ಮೇಲಾದ್ರೂ ಬಿಟ್ರಾ? ಇಲ್ಲ, ಕಾನೂನು ಮಾಡಿ ನಿಲ್ಲಿಸಿದ್ರು, ಆಡಿದವನನ್ನು ಜೈಲಿಗೆ ಹಾಕ್ತಿದ್ರು. ತಂತಿ ಕಟ್ಟಿದ ಒಂದು ಬಿಲ್ಲು ಉಂಟಲ್ಲ, ನಿನ್ನ ಕ್ಲಾಸಲ್ಲೂ ಬಾರಿಸ್ತಾರಲ್ಲ, ಹಾಂ, ಬೆರಿಂಬಾವ್, ಪೊಲೀಸರ ಕುದುರೆ ಬರುದು ಕಂಡ್ರೆ ಅದನ್ನು ಬಾರಿಸುವವ ತಾಳ ಬದಲಿಸ್ತಿದ್ದ, ಎಲ್ಲ ಪರಾರಿ. ಈಗ ಅದೇ ದೇಶ ಅದನ್ನು ನಮ್ಮ ಹೆಮ್ಮೆ ಅಂತದೆ. ನೀನು ಬಿಸಾಡಿದ ಪ್ಯಾಂಟು ಅಷ್ಟು ದೂರದಿಂದ ಬಂದದ್ದು.

ಎಲ್ಲಿಗೆ ಬಂದೆ ನಾನು? ಹಾಂ, ಬಿಲ್ಲು. ಆ ಬಿಲ್ಲಿನ ಬುಡಕ್ಕೆ ಒಂದು ಒಣ ಸೋರೆ ಬುರುಡೆ ಕಟ್ತಾರೆ, ಸ್ವರ ಬರುದೇ ಅದರಿಂದ. ಬೆಂಟೊನ ಬುರುಡೆ ಒಡೆದು ಹೋಗಿತ್ತು. ಅವ ಎಂತ ಮಾಡಿದ, ಊರಿಂದ ಬೀಜ ತರಿಸಿ, ಏಸಿಯ ನೀರು ತೊಟ್ಟಿಕ್ಕುವಲ್ಲಿ ನೆಟ್ಟು, ಬೇಲಿಗೆ ಬಳ್ಳಿ ಹಬ್ಬಿಸಿದ. ಆ ಬಿಸಿಲಿಗೆ ಹೂ ಎಲ್ಲ ಉದುರಿ ಉಳಿದದ್ದು ಒಂದೇ ಕಾಯಿ. ಬಲಿತು ಒಣಗಲಿ ಅಂತ ಅವ ಬಿಟ್ಟದ್ದು. ನನಗೆ ಗೊತ್ತಿಲ್ಲ! ನಾನು ಬೇಲಿ ಹತ್ರ ಪಾತ್ರೆ ತೊಳೆದ ನೀರು ಚೆಲ್ಲಲಿಕ್ಕೆ ಹೋದವ ನೋಡ್ತೇನೆ, ಎಳೇ ಸೋರೆಕಾಯಿ. ಉಗುರು ಊರಿ ನೋಡಿದೆ, ಬೆಣ್ಣೆ. ಯಾರದ್ದು ಅಂತ ಕೇಳ್ಬೇಕು ಅಂತ ತಲೆಗೇ ಬರ್ಲಿಲ್ಲ. ಕೊಯ್ದೆ. ಬೆಳ್ಳುಳ್ಳಿ ಒಗ್ಗರಣೆ ಹಾಕಿ ನಮ್ಮೂರಿನ ಕೊದ್ದೆಲು, ಅದೇ ತೆಂಗಿನಕಾಯಿ ಅರೆದ ಹುಳಿ, ಮಾಡಿದೆ, ಆಹಾ, ಈಗ ಹೇಳುವಾಗ್ಲೂ ಬಾಯಲ್ಲಿ ನೀರು ಬರ್ತದೆ, ನಾಚಿಕೆ ಇಲ್ಲ ನನಗೆ. ಬೆಂಟೊನೂ ತಿಂದ. ಮಸಾಲೆಯಲ್ಲಿ ಬೆಂದು ಕರಗಿದ್ದು ಎಂತ ಕಾಯಿ ಅಂತ ಅವನಿಗೂ ಗೊತ್ತಾಗ್ಲಿಲ್ಲ, ಯಾರಿಗೂ ಗೊತ್ತಾಗ್ಲಿಲ್ಲ, ಎರಡು ಸಲ ಹಾಕಿಸಿಕೊಂಡ. "ವೆರಿ ಗುಡ್, ಕುಕ್!" ಅಂತ ಬೆನ್ನು ತಟ್ಟಿ, ಕೈ ತೊಳೆದು, ಬಳ್ಳಿ ನೋಡ್ಲಿಕ್ಕೆ ಹೋದ.

ಬೊಬ್ಬೆ ಹೊಡೀಲಿಲ್ಲ ಅವ. ಬಂದು ಮೆಟ್ಟಿಲ ಮೇಲೆ ಕೂತು, ಬಿಲ್ಲಿಗೆ ಅಂತ ಬಿಟ್ಟ ಕಾಯಿ ಯಾರೋ ಕೊಯ್ದಿದ್ದಾರೆ ಅಂದ. ಅದೇ ನನಗೆ ತಡೀಲಿಕ್ಕೆ ಆಗ್ಲಿಲ್ಲ. ಆದ್ರೂ ಬಾಯಿ ಬಿಡ್ಲಿಲ್ಲ ನೋಡು, ಹೆದರಿಕೆ. ಅಷ್ಟರಲ್ಲಿ ಯಾರೋ ಅಂದ್ರು, ಅಲ್ಲಿ ಗುಡಿಸುದು ರಫೀಕ್ ಅಲ್ವಾ, ಅವನದ್ದೇ ಕೆಲಸ ಅಂತ. ರಫೀಕ್ ಬಂಗಾಳಿ, ಕ್ಲೀನರು, ಎದುರು ಮಾತಾಡ್ಲಿಕ್ಕೆ ಗೊತ್ತಿಲ್ಲದವ. ಮೊದಲೇ ಕ್ಯಾಂಪಲ್ಲಿ ಸಾಬೂನು, ಬನಿಯನು ಕಾಣೆ ಆಗ್ತಿತ್ತು, ಅದೂ ಎಲ್ಲ ಅವನ ತಲೆಗೆ ಕಟ್ಟಿದ್ರು. ಸೂಪರ್‌ವೈಸರು ಬಂದು, "ಶನಿವಾರ ಆಫೀಸಿಗೆ ಬಾ. ಖಲಾಸ್, ನಿನ್ನನ್ನು ಊರಿಗೆ ಕಳಿಸ್ತೇನೆ" ಅಂದ. ರಫೀಕ್ ನನ್ನ ಅಡಿಗೆ ಮನೆಗೆ ಬಂದು ಕೇಳ್ತಾನೆ, "ಭಾಯಿ, ನಾನು ತರಕಾರಿ ಕದಿಯುವವನ ಹಾಗೆ ಕಾಣ್ತೇನಾ?" ನಾನು ಪಾತ್ರೆ ತಿಕ್ತಾ ಇದ್ದೆ. ಮುಖ ಎತ್ತಲಿಲ್ಲ. ಅದಕ್ಕಿಂತ ದೊಡ್ಡ ತಪ್ಪು ನಾನು ಜೀವನದಲ್ಲಿ ಮಾಡ್ಲಿಲ್ಲ ಮಕ್ಕಳೇ.

ಶುಕ್ರವಾರ ಬಂತು. ಬುರುಡೆ ಇಲ್ಲದ ಬಿಲ್ಲು ಹಿಡ್ಕೊಂಡು ಬೆಂಟೊ ನಿಂತಿದ್ದಾನೆ, ಬರೀ ಚಪ್ಪಾಳೆಯಲ್ಲೇ ಆಟ. ಆಡುವವ ಮೊದಲು ಆ ಬಿಲ್ಲಿನ ಬುಡದಲ್ಲಿ ಕುಕ್ಕುರುಗಾಲಲ್ಲಿ ಕೂರ್ಬೇಕು, ಕೈ ಕೊಡ್ಬೇಕು, ಅದು ಕ್ರಮ. ನಾನು ಹೋಗಿ ಕೂತೆ. ಕೂತು ಹೇಳಿದೆ, "ಬೆಂಟೊ, ಕೊಯ್ದದ್ದು ನಾನು. ನೀನೂ ತಿಂದಿದ್ದಿ." ಚಪ್ಪಾಳೆ ನಿಂತಿತು. ಅವ ಬಿಲ್ಲನ್ನು ಪಕ್ಕದವನಿಗೆ ಕೊಟ್ಟು, ನನ್ನ ಕೈ ಹಿಡಿದು ನಡುವಿಗೆ ಎಳೆದ. ಆಯ್ತು, ನನ್ನ ಕಥೆ ಮುಗೀತು ಅಂದ್ಕೊಂಡೆ. ಗಿರ್ರಂತ ತಿರುಗಿದ, ಕಾಲು ಬಂತು ನೋಡು, ನನ್ನ ಕಿವಿಗೆ, ಒಂದು ಬೆರಳು ದೂರದಲ್ಲಿ ನಿಂತಿತು. ಗಾಳಿ ಮಾತ್ರ ತಾಗಿತು. ಅವನ ಸಿಟ್ಟೆಲ್ಲ ಆ ಗಾಳಿಯಲ್ಲಿ ಇತ್ತು. ಕಾಲು ಇಳಿಸಿ ಹೇಳಿದ, "ನನ್ನ ಹತ್ರ ಹೇಳಿ ಎಂತ ಮಾಡುದು? ರಫೀಕ್ ಹತ್ರ ಹೇಳು."

ಅಲ್ಲೇ, ಎಲ್ಲರ ಎದುರಿಗೆ ಹೇಳಿದೆ. ಶನಿವಾರ ಆಫೀಸಿಗೂ ನಾನೇ ಹೋದೆ. ರಫೀಕನ ಕೆಲಸ ಉಳಿಯಿತು, ನನಗೆ ಒಂದು ತಿಂಗಳು ಅಡಿಗೆಯ ಒಟ್ಟಿಗೆ ಅಂಗಳವನ್ನೂ ಗುಡಿಸುವ ಶಿಕ್ಷೆ. ರಫೀಕ್ ಮಾಫ್ ಮಾಡಿದನಾ? ಗೊತ್ತಿಲ್ಲ. ಪೊರಕೆ ಹಿಡಿಯುದು ಹೀಗಲ್ಲ ಭಾಯಿ ಅಂತ ತೋರಿಸಿಕೊಟ್ಟ ಮಾತ್ರ. ಮೊದಲ ರಜೆಗೆ ಊರಿಗೆ ಹೋದವ ಅಪ್ಪ ಬೀಜ ತುಂಬಿಸಿ ಇಡ್ತಿದ್ದ ಒಣ ಸೋರೆ ಬುರುಡೆ ಕೇಳಿ ತಂದೆ, ಹೌದು, ಈ ಸಲ ಕೇಳಿ! ಏರ್‌ಪೋರ್ಟಿನವ ಅಲ್ಲಾಡಿಸಿ ನೋಡಿದ, ಒಳಗೆ ಒಂದು ಬೀಜ ಗಲಗಲ ಅಂತು, ನಗಾಡಿ ಯಲ್ಲಾ, ಹೋಗು ಅಂದ. ಬೆಂಟೊ ಅದನ್ನು ಕಟ್ಟಿ ಬಾರಿಸಿದ ದಿನ ರಫೀಕನೇ ಎಲ್ಲರಿಗಿಂತ ಜೋರು ಚಪ್ಪಾಳೆ ಹೊಡೆದದ್ದು. ಬೆಂಟೊ ಊರಿಗೆ ಹೋಗುವಾಗ ಅದನ್ನೂ ಕೊಂಡುಹೋದ, ನಿನ್ನ ಮುತ್ತಜ್ಜನ ಬುರುಡೆ ಈಗ ಬ್ರೆಜಿಲಲ್ಲಿ ಉಂಟು.

ಒದೆ ತಾಗಿಸ್ಲಿಕ್ಕೆ ಯಾರಿಗಾದ್ರೂ ಬರ್ತದೆ ಮಗಾ, ಬೆರಳು ದೂರದಲ್ಲಿ ನಿಲ್ಲಿಸ್ಲಿಕ್ಕೆ ಕಲಿ. ಹೋಗು, ಪ್ಯಾಂಟು ಮಡಚಿಡು. ಮತ್ತೆ ಇಬ್ಬರೂ ಕೇಳಿ, ಬೇಲಿಯಲ್ಲಿ ಎಂತ ಕಂಡ್ರೂ ಯಾರದ್ದು ಅಂತ ಕೇಳಿ ಕೊಯ್ಯಿರಿ.