ನಡುವಿನ ಪೆಟ್ಟು

ರಾತ್ರಿ ಹನ್ನೊಂದರ ಮೇಲಾಗಿತ್ತು. ಬ್ಯಾಡಗಿಯ ಕೊನೆಯ ಬಸ್ಸು ಹನುಮೇಶನನ್ನು ರಾಣೆಬೆನ್ನೂರಿನ ಹೊರಗೆ ಇಳಿಸಿ ಹೋಯಿತು. ಅಲ್ಲಿಂದ ಮನೆಗೆ ಒಂದು ಕಿಲೋಮೀಟರು. ನಡುವೆ ಸೋಮಣ್ಣನ ಹೊಲದ ಹಳೇ ಮೆಟ್ಟಿಲ ಬಾವಿ. ಆ ಕಡೆ ಮನೆ ಮಾಡಿ ಮೂರೇ ತಿಂಗಳಾಗಿತ್ತು; ಬಾವಿಯೊಳಗೆ ಅವನು ಎಂದೂ ಇಣುಕಿದವನಲ್ಲ.

ಹನುಮೇಶ ನಮ್ಮ ಸೋದರಮಾವನ ಮಗ. ಇದು ಅವನಿಗೇ ಆದದ್ದು. ಎಲ್ಲೋ ಯಾರೋ ಹೇಳಿದ್ದಲ್ಲ.

ಹಗಲು ಬೀಜದ ಕಂಪನಿಯಲ್ಲಿ ಕೆಲಸ. ಮದುವೆ ಸೀಸನ್ನಿನಲ್ಲಿ ಹಾವೇರಿಯ ನಿರ್ಮಲಾಳ ಆರ್ಕೆಸ್ಟ್ರಾದಲ್ಲಿ ಡ್ರಮ್ಸ್. ಹತ್ತು ವರ್ಷದಿಂದ ಆ ಕುರ್ಚಿ ಅವನದೇ. ಆದರೆ ಈಗಿನ ಹಾಡುಗಳಲ್ಲಿ ಪೆಟ್ಟು ತಾಳದ ಮೇಲೆ ಬೀಳುವುದಿಲ್ಲ, ಎರಡು ತಾಳದ ನಡುವೆ ಬೀಳುತ್ತದೆ. ಅಲ್ಲಿ ಅವನ ಕಾಲು ಕೈಯ ಹಿಂದೆ ಓಡುತ್ತಿತ್ತು, ಇಡೀ ಹಾಡು ಜಾರುತ್ತಿತ್ತು. ಕಳೆದ ಮದುವೆಯಲ್ಲಿ ನಿರ್ಮಲಾ ಹಾಡು ನಿಲ್ಲಿಸಿ ಮೈಕಿನಲ್ಲೇ ಅಂದಳು: "ಹನುಮೇಶಣ್ಣಾ, ಬೀಜದ ಚೀಲ ಹೊಲ್ಯಾಕ ನಿನ್ನ ಕೈ ಭಾಳ ಚಲೋ ಅದಾವ ನೋಡು." ಊಟಕ್ಕೆ ಕೂತವರೆಲ್ಲ ನಕ್ಕರು.

ನಾಳೆ ಬೆಳಿಗ್ಗೆ ಹಾವೇರಿಯಲ್ಲಿ ಅವನಿಗೆ ಕೊನೆಯ ಅವಕಾಶ. ತಪ್ಪಿದರೆ ಕುರ್ಚಿ ಬೇರೆಯವರಿಗೆ.

ಅದಕ್ಕೇ ಆ ಪೆಟ್ಟು ಕಲಿಯಲು ಬ್ಯಾಡಗಿಯ ಮೆಹಬೂಬ ಮಾಸ್ತರರ ಹತ್ತಿರ ಹೋಗಿದ್ದ. ಮೆಣಸಿನಕಾಯಿ ಗೋದಾಮಿನ ಹಿಂದಿನ ಖೋಲಿ. ಒಂದು ಹಾಡು ಮುಗಿಯುವುದರೊಳಗೆ ಎರಡು ಸಲ ಕೆಮ್ಮಬೇಕು. ಮಾಸ್ತರು ಅವನ ಕೈಯಿಂದ ಕಡ್ಡಿ ಕಸಿದುಕೊಂಡರು.

"ಡ್ರಮ್ ಬಿಡು. ನಡಕೋಂತ ಮನೀಗೆ ಹೋಗು. ಒಂದು, ಎರಡು, ಮೂರು, ನಾಕು... ಇದಕ್ಕ ಕಾಲು. ನಡುವಿನ 'ಮತ್ತ'ಕ್ಕ ಚಪ್ಪಾಳಿ. ಒಂದು ಮತ್ತ ಎರಡು ಮತ್ತ. ತಿಳೀತಿಲ್ಲೋ?"

"ತಿಳೀತ್ರಿ ಮಾಸ್ತರ."

"ಖರೇ ಹೇಳತೇನಿ, ಬರೇ ನಡುವಿನ ಪೆಟ್ಟು ಕೇಳಕೋಂತ ಹೋದ್ರ ಕಿವಿ ಮೋಸ ಮಾಡತೈತಿ. ಅದನ್ನ 'ಒಂದು' ಅಂತ ತಿಳಕೊಂತೈತಿ. ಕಾಲು ಅದರ ಬೆನ್ನು ಹತ್ತತೈತಿ. ಕಾಲು ಬಿಟ್ಟುಕೊಡಬ್ಯಾಡ."

ಹಾಗೇ ನಡೆದ. ಚಪ್ಪಲಿ ಸರ್... ಚಪ್ಪಾಳೆ ಟಪ್. ಸರ್... ಟಪ್.

ಬಾವಿ ಹತ್ತಿರ ಬಂತು. ಜೀರುಂಡೆಗಳು ಒಮ್ಮೆಲೇ ನಿಂತವು. ಅಂಗೈ ಉರಿಯುತ್ತಿತ್ತು, ಕೈ ಇಳಿಬಿಟ್ಟ.

ಸರ್... ಟಪ್.

ಅವನ ಕೈ ತೊಡೆಯ ಪಕ್ಕದಲ್ಲಿತ್ತು.

ಸರ್... ಟಪ್.

ನಿಂತ. ಚಪ್ಪಲಿಯ ಸದ್ದು ನಿಂತಿತು. ಚಪ್ಪಾಳೆ ನಿಲ್ಲಲಿಲ್ಲ. ಒದ್ದೆ ಅಂಗೈಗಳ ಸದ್ದು... ಬಾವಿಯ ಒಳಗಿನಿಂದ.

ಓಡಬೇಕಿತ್ತು. ಆದರೆ ಎಂಥ ಪೆಟ್ಟು ಅದು! ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಇಷ್ಟು ದಿನ ತನ್ನ ಕೈಗೆ ಸಿಗದ ಜಾಗದಲ್ಲೇ ಬೀಳುತ್ತಿತ್ತು. ನಾಳೆಯ ನೆನಪಾಯಿತು. ಒಂದೇ ಒಂದು ಸುತ್ತು ಇದರ ಜೊತೆ ನಡೆದು ನೋಡೋಣ ಅಂದುಕೊಂಡ.

ನಡೆದ. ಎಷ್ಟು ಹೊತ್ತೋ ಗೊತ್ತಿಲ್ಲ. ಹೆಜ್ಜೆ ಸಲೀಸಾಯಿತು... ಬಹಳ ಸಲೀಸಾಯಿತು.

ಅಂಗಾಲಿಗೆ ತಣ್ಣನೆ ಕಲ್ಲು ತಾಗಿತು. ಚಪ್ಪಲಿ ಯಾವಾಗ ಕಳಚಿತ್ತೋ. ಎರಡೂ ಕಡೆ ಗೋಡೆ. ಪಾಚಿಯ ವಾಸನೆ. ಅವನ ಕಾಲು ಚಪ್ಪಾಳೆಯ ಮೇಲೆಯೇ ಬೀಳುತ್ತಿತ್ತು. ಒಂದೊಂದು ಟಪ್ಪಿಗೂ ಒಂದು ಮೆಟ್ಟಿಲು ಕೆಳಗೆ.

ಕೆಳಗಿನಿಂದ ಪಿಸುದನಿ ಬಂತು.

"ಬಾ... ಇದ ಒಂದು."

ಹನುಮೇಶ ಪಿಸುಗುಟ್ಟಿದ. "ಅಲ್ಲ... ಅದು ಮತ್ತ."

ಟಪ್. "ಇದ ಒಂದು."

"ಅದು ಮತ್ತ..."

ಕಣ್ಣು ಮುಚ್ಚಿದ. ತಿರುಗಿ ನಿಂತ. ಟಪ್ ಆಗುವವರೆಗೆ ಉಸಿರು ಹಿಡಿದ. ಮುಂದಿನದು ಬೀಳುವುದಕ್ಕೆ ಮೊದಲು, ಆ ಖಾಲಿ ಜಾಗದಲ್ಲಿ, ಮೇಲಿನ ಮೆಟ್ಟಿಲಿಗೆ ಕಾಲು ಊರಿದ. "ಒಂದು." ಟಪ್. "ಎರಡು." ಟಪ್. ಪ್ರತಿ ಸಲವೂ ಕಾಲು ಚಪ್ಪಾಳೆಯ ಕಡೆ ಎಳೆಯಿತು. ಎಳೆದು ತಂದ. ನಾಲ್ಕಾದ ಮೇಲೆ ತಿರುಗಿ ಒಂದಕ್ಕೆ ಬರಬೇಕು, ಬರಲಿಲ್ಲ. ಆ ಒಂದನ್ನು ಅದು ಕಸಿದುಕೊಂಡೀತು ಎಂಬ ಭಯ. "ಐದು." ಟಪ್. "ಆರು..."

ಹನ್ನೊಂದು ಅಂದ ಮೇಲೆ ಕಾಲಿಗೆ ಹುಲ್ಲು ಸಿಕ್ಕಿತು. ಹಿಂದೆ ತಿರುಗಿ ನೋಡಲಿಲ್ಲ.

ಬಾಗಿಲು ತೆಗೆದ ಹೆಂಡತಿ ಅರುಣಾ ಅವನ ಕಾಲು ನೋಡಿದಳು. "ಚಪ್ಪಲಿ ಎಲ್ರಿ?"

"ಮೊದಲ ಬಾಗಲಾ ಹಾಕು."

ಮರುದಿನ ಹಾವೇರಿಯಲ್ಲಿ ಮೂರು ಹಾಡು ಬಾರಿಸಿದ. ಕಾಲು ಒಮ್ಮೆಯೂ ಜಾರಲಿಲ್ಲ. ನಿರ್ಮಲಾ ಬೆರಗಾಗಿ ಕೇಳಿದಳು, "ಅಣ್ಣಾ, ರಾತ್ರೋರಾತ್ರಿ ಏನ ತಿಂದೀಪಾ?" ಕುರ್ಚಿ ಉಳಿಯಿತು. ಆದರೆ ಅವನು ನಗಲಿಲ್ಲ.

ಸಂಜೆ ಬೆಳಕಿರುವಾಗಲೇ ಸೋಮಣ್ಣನನ್ನು ಕರೆದುಕೊಂಡು ಬಾವಿಯ ಹತ್ತಿರ ಹೋದ. ಮೊದಲ ಸಲ ಒಳಗೆ ಇಣುಕಿದ. ಬೆರಳು ಮಾಡಿ ಮೆಟ್ಟಿಲು ಎಣಿಸಿದ.

"ಸೋಮಣ್ಣಾ... ಉಳಿದ ಮೆಟ್ಟಲಾ ಎಲ್ಲಿ?"

"ಎಲ್ಲಿ ಉಳದಾವೋ ಮಾರಾಯಾ? ರಸ್ತೆ ಅಗಲ ಮಾಡಿದಾಗ ಮಣ್ಣ ತುಂಬಿ ಮುಚ್ಚಿದ್ರು. ಆರು ವರ್ಷ ಆತು."

ಆಮೇಲೆ ನಾವೂ ಹೋಗಿ ನೋಡಿದ್ದೇವೆ. ಮೇಲಿನ ನಾಲ್ಕು ಮೆಟ್ಟಿಲಷ್ಟೇ ಕಾಣುತ್ತವೆ. ಅದರ ಕೆಳಗೆ ಗಟ್ಟಿ ಒಣ ಮಣ್ಣು, ಮಣ್ಣಿನಲ್ಲಿ ಎದೆಮಟ್ಟ ಬೆಳೆದ ಜಾಲಿ.

ಹನುಮೇಶ ಹತ್ತಿದ್ದು ಹನ್ನೊಂದು. ಆ ರಾತ್ರಿ ಅವನ ಎಣಿಕೆ ತಪ್ಪಿಲ್ಲ. ತಪ್ಪಿದ್ದರೆ ಇದನ್ನು ಹೇಳಲು ಅವನು ಇರುತ್ತಿರಲಿಲ್ಲ.