ಫ್ಯಾನ್ ವಿಮಾನದ ಅಳಿಯ

...ಇಲ್ಲ ಇಲ್ಲ, ಊಟ ಬ್ಯಾಡ. ಆದೋನಿಯಾಗ ಬಸ್ ಇಳಿದು ಒಗ್ಗಾಣಿ ಬಜ್ಜಿ ತಿಂದೇ ಎಮ್ಮಿಗನೂರು ಬಸ್ ಹತ್ತೀನಿ. ನೀ ಜರ ಹೊರಗ ಬಾ, ಪ್ರತಿಮಾ. ಬಾಗಿಲ ಮರಿಗೆ ನಿಂತು ಮಾತಾಡಿದ್ರ ಹೆಂಗ? ಮದುವಿ ಆಗಿ ನಾಕು ವರ್ಷ ಆತು, ಗಂಡ ಬಂದಾನಂತ ಇನ್ನೂ ನಾಚಿಕಿ ಏನು? ಬಾ, ಇಲ್ಲಿ ಕಟ್ಟಿ ಮ್ಯಾಲೆ ಕೂಡು, ಬೆಳಕಿನಾಗ. ಹಾಂ... ಹಂಗ. ಸೆರಗು ತಗಿ ಬಾಯಿ ಮ್ಯಾಲಿಂದ, ನೊಣ ಏನು ಹೊಗಂಗಿಲ್ಲ.

ಮಾವನೋರು ಅಂಗಳದಾಗ ಕಾಣವಲ್ರು. ಹತ್ತಿ ಯಾರ್ಡಿಗೆ ಹೋಗ್ಯಾರೇನು?... ಗೊತ್ತಾತು ಬಿಡು. ಅವರು ಇಲ್ಲದ್ದು ಚಲೋ ಆತು. ನಿಮ್ಮಪ್ಪ ಗುರುಪಾದಯ್ಯ ಸಾಹುಕಾರ್ರ ಮುಂದ ನನಗ ಬಾಯೇ ಬರಂಗಿಲ್ಲ. ನಾ ಬಂದಾಗ ಅತ್ತಿ ಒಮ್ಮೆ ಇಣುಕಿ ನೋಡಿ ಒಳಗ ಹೋದ್ರು. ಏನೋ ಅಂದ್ರು ಅಂತೀಯೇನು? ನೀರು ಕುಡೀರಿ ಅಂದಿರಬೇಕು... ಅಲ್ಲ? ಏನರೆ ಅನ್ಲಿ ಬಿಡು, ಸಿಟ್ಟು ಇರೋದು ಇದ್ದೇ ಇರತದ. ಮಗಳನ್ನ ಎರಡು ತಿಂಗಳಿಂದ ತವರಿನಾಗ ಕುಂಡ್ರಿಸಿದ ಅಳಿಯಗ ಆರತಿ ಎತ್ತಂಗಿಲ್ಲ ಯಾರೂ.

ನಾ ಯಾಕ ಬಂದೆ ಅಂದ್ರ... ಬರೋ ವಾರ ನಮ್ಮ ಹೊಸ ವಿಮಾನ ಶೆಡ್ಡಿನಿಂದ ಹೊರಗ ಬರತೈತಿ. ತಗಡಿಗೆ ತಗಡು ಕೂಡಿಸಿ ನಾ ರಿವೆಟ್ ಹೊಡದದ್ದು, ನನ್ನ ಕೈಯಿಂದ. ಮೂತಿಯಿಂದ ಬಾಲದ ತನಕ. ಹೊರಗ ತರೋ ಮೊದಲು ಪೂಜಿ ಮಾಡತಾರ. ತೆಂಗಿನಕಾಯಿ ಒಡದು, ಗಾಲಿ ಕೆಳಗ ನಿಂಬಿಹಣ್ಣು ಇಟ್ಟು. ಆ ನಿಂಬಿಹಣ್ಣು ಇಡೋದು ನಮ್ಮ ಲೈನಿನ ಒಬ್ಬರ ಮನಿಯಾಕಿ. ಹೋದ ಸಲ ಗಾದಿಲಿಂಗನ ಹೆಂಡ್ತಿ ಇಟ್ಟಿದ್ಲು, ಈ ಸಲ ನಿನ್ನ ಹೆಸರು ಕೊಟ್ಟೀನಿ. ಅಷ್ಟ. ಅದಕ್ಕ ಬಂದೆ... ಬ್ಯಾರೆ ಏನೂ ಇಲ್ಲ.

ಯಾಕ ನಗತಿ? ನನಗ ಗೊತ್ತು ಯಾಕ ನಗತಿ. ನಿಮ್ಮ ಓಣಿಯೋರು ತೆಲುಗಿನಾಗ ನನಗ ‘ಫ್ಯಾನ್ ವಿಮಾನಂ ಅಲ್ಲುಡು’ ಅಂತಾರಂತಲ್ಲ, ಪಂಕದ ವಿಮಾನದ ಅಳಿಯ ಅಂತ. ಅನ್ಲಿ. ಎಲ್ಲಾರಿಗೂ ಜೆಟ್ ಬೇಕು. ಜೆಟ್ ಇಳೀಬೇಕಂದ್ರ ಮೈಲಿಗಟ್ಟಲೆ ರನ್‌ವೇ ಬೇಕಾಗತದ, ಸಣ್ಣ ಊರಿನ ಕಡಿ ಅದು ಮುಖಾನೂ ತಿರುಗಿಸಂಗಿಲ್ಲ. ನಮ್ಮದು ಬಡವರ ಬಂಡಿ. ಒಂದು ಬಸ್ಸಿನಷ್ಟು ಮಂದಿ, ಎರಡು ದೊಡ್ಡ ಪಂಕ, ಮೋಟು ರನ್‌ವೇ ಇದ್ರ ಸಾಕು. ರೆಕ್ಕಿ ಕಿಟಕಿ ಮ್ಯಾಲೆ ಇರತಾವ, ಹಂಗಾಗಿ ಕೆಳಗ ಎಲ್ಲಾ ಕಾಣತೈತಿ. ಹೊಲ, ಕೆರಿ, ಬಂಡಿ ದಾರಿ. ನಾ ಕುಂತಿಲ್ಲ ಇನ್ನೂ... ಮಾಡಿದೋರಿಗೆ ಟಿಕೆಟ್ ಕೊಡಂಗಿಲ್ಲ ಅವರು. ಆದ್ರ ಪೂಜಿ ದಿನ ಮನಿಯೋರನ್ನ ಒಳಗ ಹತ್ತಿಸಿ ಸೀಟಿನಾಗ ಕುಂಡ್ರಸತಾರ. ನೀ ಕಿಟಕಿ ಬಾಜೂ ಕೂಡು. ಆ ಕಿಟಕಿ ಸುತ್ತಲ ರಿವೆಟ್ ನಂದ.

ಏನು?... ಗಾದಿಲಿಂಗನಾ? ಚಲೋ ಅದಾನ. ನಿನ್ನ ಕೇಳತಿರತಾನ. ನೋಡು, ಅವನ ಕೂಡ ನನ್ನ ಜೋಡಿ ಹೆಂಗಂದ್ರ, ನಾ ಹೊರಗ ರಿವೆಟ್ ಗನ್ ಹಿಡದು ಹೊಡೀತೀನಿ, ಅಂವ ವಿಮಾನದ ಹೊಟ್ಟಿಯೊಳಗ ಕುಂತು ಹಿಂದಿನಿಂದ ಕಬ್ಬಿಣದ ಗಟ್ಟಿ ಒತ್ತಿ ಹಿಡೀತಾನ. ನಡುವ ತಗಡು. ಅವನ ಮಾರಿ ನನಗ ಕಾಣಂಗಿಲ್ಲ, ನನ್ನದು ಅವನಿಗೆ ಕಾಣಂಗಿಲ್ಲ. ಅಂವ ಒಂದು ಸಲ ತಟ್ಟಿದ್ರ ಇನ್ನೊಂದಿಷ್ಟು ಹೊಡಿ ಅಂತ. ಎರಡು ಸಲ ತಟ್ಟಿದ್ರ ಸಾಕು, ಮುಂದಕ್ಕ ನಡಿ ಅಂತ. ಇಷ್ಟ ಮಾತು ದಿನಾ ಪೂರ್ತಿ. ನಾ ಎಡಗೈ ಅಂಗೈ ತಗಡಿಗೆ ಹಚ್ಚಿ ನಿಂತಿರತೀನಿ, ಅಂವ ತಟ್ಟಿದ್ದು ಕೈಗೆ ತಿಳೀತದ. ಕ್ಯಾಂಟೀನಿನಾಗ ಎದುರಾ ಬದುರಾ ಕುಂತ್ರೂ ನಾವು ಮಾತಾಡೋದು ಕಡಿಮಿ. ಸುಖ ಅದು ಒಂದು ನಮೂನಿ.

ನಿನ್ನ ಕೂಡಾನೂ ಹಂಗ ಇದ್ದೆ ಅಂತೀಯಲ್ಲ? ಅನ್ನು. ಅಂದ್ರ ತಪ್ಪಿಲ್ಲ. ಸಂಜಿ ಮನಿಗೆ ಬರತಿದ್ದೆ, ನೀ ಒಲಿ ಮುಂದ ನಿಂತು ಏನೇನೋ ಹೇಳತಿದ್ದಿ, ನಾ ಹಾಂ ಹೂಂ ಅಂತಿದ್ದೆ. ಒಮ್ಮೊಮ್ಮೆ ಅದೂ ಅಂತಿರಲಿಲ್ಲ. ಕ್ವಾರ್ಟರ್ಸಿನ ಹೆಂಗಸರಿಗೆ ನೀ ಹೇಳಿದಿಯಂತಲ್ಲ, ಗ್ವಾಡಿ ಕೂಡ ಸಂಸಾರ ಮಾಡಕತ್ತೀನಿ ಅಂತ... ಇಲ್ಲ, ಸಿಟ್ಟಿಲ್ಲ. ಗಾದಿಲಿಂಗ ಹೇಳಿದ. ದಣಿದಿರತಿದ್ದೆ ಪ್ರತಿಮಾ. ಹನ್ನೆರಡು ತಾಸು ಗನ್ ಹಿಡದ ಮ್ಯಾಲೆ ಮನುಷ್ಯಾಗ ಮಾತು ಬ್ಯಾಡಾಗತೈತಿ. ಅಷ್ಟ.

ಈಗ ಮನಿ ಹೆಂಗ ಐತಿ ಗೊತ್ತೇನು? ನೀ ಇಲ್ಲಿಗೆ ಬಂದ ಮ್ಯಾಲೆ ನಾ ಕುಕ್ಕರ್ ಎರಡು ಸಲ ಸುಟ್ಟೆ. ಮೊದಲು ಮನಿಗೆ ಬರತಿದ್ದಂಗ ನೀ ಅಡಗಿಮನ್ಯಾಗ ಓಡಾಡೋದು ಕಾಣತಿತ್ತು, ಕೈಬಳಿ ಹೊಳೀತಿದ್ವು. ಮಾತಿಲ್ಲಂದ್ರೂ ಮನಿ ತುಂಬಿರತಿತ್ತು. ಈಗ ಲೈಟ್ ಹಚ್ಚಿ ಕೂಡತೀನಿ, ಟೀವಿ ಹಚ್ಚತೀನಿ, ಅದರಾಗ ಮಂದಿ ಬಾಯಿ ಬಡಕೋತಿರತಾರ... ಒಬ್ಬರೂ ನನ್ನ ನೋಡಂಗಿಲ್ಲ. ಬ್ಯಾಸರ ಆಗತೈತಿ. ಭಾಳ ಬ್ಯಾಸರ ಆಗತೈತಿ, ಪ್ರತಿಮಾ.

ಹೂಂ. ಅದನ್ನ ಕೇಳತಿ ಅಂತ ಗೊತ್ತಿತ್ತು. ಕೇಳೇ ಕೇಳತಿ. ಕೇಳು.

ಆವತ್ತು ಬಚ್ಚಲದಾಗ ನೀ ಕಾಲು ಜಾರಿ ಬಿದ್ದಿ. ಮಣಕಾಲು ತಿರುಗಿ ಏಳಾಕ ಬರಲಿಲ್ಲ ನಿನಗ. ನನ್ನ ಹೆಸರು ಹಿಡದು ಕೂಗಿದಿ. ನಾ ಪಡಸಾಲಿಯಾಗೇ ಇದ್ದೆ, ಆ ಕಡಿ ಬೆನ್ನು ಮಾಡಿ, ಫೋನ್ ನೋಡಕೋತ. ಸುಹಾಸಿನಿಯವರು ಬಾಜೂ ಮನಿಯಿಂದ ಓಡಿ ಬಂದ್ರು, ನನ್ನ ದಾಟಿಕೊಂಡು ಒಳಗ ಹೋದ್ರು. ಆಮ್ಯಾಲೆ ನಾ ಎದ್ದೆ. ಅವರು ನನ್ನ ನೋಡಿದ ನೋಟ ಇನ್ನೂ ಮರ್ತಿಲ್ಲ.

ಕೇಳಿಸಿತ್ತು. ಹೌದು, ಕೇಳಿಸಿತ್ತು ನನಗ. ಏನು ಹೇಳ್ಲಿ... ಸಿಟ್ಟಿನಾಗ ಇದ್ದೆ. ಮುಂಜಾನಿ ಉಪ್ಪಿಟ್ಟಿನ ಸಲುವಾಗಿ ಜಗಳ ಆಗಿತ್ತಲ್ಲ, ಅದ ತಲಿಯಾಗ ಇತ್ತು. ಕೂಗಲಿ ಬಿಡು ಅಂತ ಕುಂತೆ.

ಆವತ್ತು ಜಗಳ ಆಗಿರಲಿಲ್ಲ ಅಂತಿ?... ಆಗಿತ್ತು. ನಿನಗ ನೆನಪಿಲ್ಲ. ನನ್ನ ಮನಸಿನಾಗ ಆಗಿತ್ತು, ತಿಳಿ. ನಾ ಕೆಟ್ಟಾಂವ, ಹಂಗ ಅಂದುಕೋ. ಕೆಟ್ಟ ಗಂಡಂದಿರು ಜಗತ್ತಿನಾಗ ಭಾಳ ಮಂದಿ ಅದಾರ, ಅವರೂ ತಿದ್ದಿಕೋತಾರ, ನಾನೂ ತಿದ್ದಿಕೋತೀನಿ. ಈ ಸಲ ಕ್ಷಮಾ ಮಾಡಿ ಬಾ. ಚೀಲ ತುಂಬು, ಸಂಜಿ ಬಸ್ಸಿಗೆ ಹೋಗೋಣು...

ಏನಂದಿ? ತಲಿ ಬಗ್ಗಿಸಿ ಮಾತಾಡಬ್ಯಾಡ, ಇನ್ನೊಮ್ಮೆ ಹೇಳು. ಬಾಜೂ ಮನಿ ಮಗ್ಗದ ಸಪ್ಪಳದಾಗ ನಿನ್ನ ಮಾತೇ ಮುಳುಗಿ ಹೋತು. ಈ ತಿರುಪತಿ ಮಾಮ ಬಿಸಿಲಿನಾಗೂ ಮಗ್ಗ ಬಿಡಂಗಿಲ್ಲ ನೋಡು, ಒಂದ ಸಮ ಬಡದ ಬಡೀತಾನ...

ಯಾಕ ಹಂಗ ನೋಡತಿ?

ಏನು ತೋರಸತಿ? ಎಲ್ಲಿ... ಹಾಂ, ತಿರುಪತಿ ಮಾಮ. ಬೇವಿನ ಗಿಡದ ಕೆಳಗ ಹೊರಸಿನ ಮ್ಯಾಲೆ ಮಲಗ್ಯಾನ. ಹಂಗಾದ್ರ ಅವನ ಮಗ ಇರಬೇಕು ಮಗ್ಗದಾಗ... ಇಲ್ಲ. ಕಿಟಕಿಯಾಗ ಕಾಣತೈತಿ. ಮಗ್ಗಕ್ಕ ಬಟ್ಟಿ ಮುಚ್ಯಾರ.

ಇವತ್ತ ಅಮಾಸಿ ಏನು?

ಅಮಾಸಿ ದಿನ ಇಲ್ಲಿ ಯಾರೂ ಮಗ್ಗದ ಕುಣಿಗೆ ಇಳಿಯಂಗಿಲ್ಲ. ಮರ್ತೆ. ನಮ್ಮ ಕಂಪನಿಯಾಗ ಬರೇ ಭಾನುವಾರ ಸೂಟಿ, ಅಮಾಸಿ ಹುಣ್ಣಿವಿ ಯಾರಿಗೆ ನೆನಪಿರತಾವ... ಬ್ಯಾರೆ ಎಲ್ಲೋ ಮಗ್ಗ ನಡದಿರಬೇಕು. ಆ ಕಡಿ ಓಣಿಯಾಗ... ಯಾರರೆ ಒಬ್ಬರು...

ಓಣಿ ಪೂರಾ ಗಪ್ಪಗೆ ಐತೇನು?

ಪ್ರತಿಮಾ. ಸುಮ್ಮನ ನೋಡಬ್ಯಾಡ. ಏನರೆ ಅನ್ನು. ಬೈಯಿ ಬೇಕಾದ್ರ.

ಹೂಂ... ತಿಳೀತಲ್ಲ ನಿನಗ. ನನಗ ಕೇಳಸಂಗಿಲ್ಲ. ಬಲಗಿವಿ ಮೊದಲು ಹೋತು, ಈಗ ಎಡದ್ದೂ ಅಷ್ಟಕ್ಕಷ್ಟ. ನೀ ಎದುರು ಕುಂತ್ರ ತುಟಿ ನೋಡಿ ತಿಳಕೊಂತೀನಿ, ಹಿಂದ ನಿಂತ್ರ ಏನೂ ಇಲ್ಲ. ಮಗ್ಗದ ಸಪ್ಪಳ ಅಂದೆನಲ್ಲ, ಅದು ತಲಿಯೊಳಗ ದಿನಾ ಇರತೈತಿ, ಮಲಗಿದ್ರೂ ಇರತೈತಿ. ಕಂಪನಿಯಾಗ ಕಿವಿಗೆ ಬೂಚು ಕೊಟ್ಟಿದ್ರು. ಅದನ್ನ ಹಾಕ್ಕೊಂಡ್ರ ಗಾದಿಲಿಂಗ ಒಳಗ ತಟ್ಟಿದ್ದು ಕೇಳಸತಿರಲಿಲ್ಲ. ರಿವೆಟ್ ಕೆಡತಾವ ಅಂತ ತಗದು ಜೇಬಿನಾಗ ಇಟಗೊಂತಿದ್ದೆ. ಕೈಯಿಂದ ತಿಳಕೊಳ್ಳೋದು ಕಲಿಯೋದ್ರಾಗ ಕಿವಿ ಹೋಗಿದ್ವು. ಆಫೀಸಿನೋರಿಗೆ ಗೊತ್ತಾದ್ರ ಲೈನಿನಿಂದ ತಗದು ಸ್ಟೋರಿಗೆ ಹಾಕತಾರ.

ನಿನಗಾದ್ರೂ ಹೇಳಬೇಕಿತ್ತು ಅಂತಿ... ಹೆಂಗ ಹೇಳ್ಲಿ? ನಮ್ಮಪ್ಪ ಆದೋನಿ ಹತ್ತಿ ಜಿನ್ನಿಂಗ್ ಮಿಲ್ಲಿನಾಗ ಕಿವಿ ಕಳಕೊಂಡಾಂವ. ಓಣಿಯೋರು ಅವನ ಹೆಸರು ಬಿಟ್ಟು ಕೆಪ್ಪ ಅಂತಿದ್ರು. ಅದು ಹೋಗ್ಲಿ. ನಮ್ಮವ್ವ... ಮೊದಮೊದಲು ಒದರಿ ಹೇಳತಿದ್ಲು. ಆಮ್ಯಾಲೆ ಕೈ ಮಾಡಿ ತೋರಸತಿದ್ಲು. ಆಮ್ಯಾಲೆ ಅದೂ ಬಿಟ್ಲು. ತಾಟು ತಂದು ಮುಂದ ಇಟ್ಟು ಒಳಗ ಹೋಗತಿದ್ಲು. ಅವ್ವ ಕೆಟ್ಟಾಕಿ ಅಲ್ಲ, ದಣದಳು. ಅಪ್ಪ ತಾಟಿನ ಮುಂದ ಕುಂತು ಆ ಬಾಗಿಲಾನ ನೋಡತಿದ್ದ, ಇನ್ನೊಮ್ಮೆ ಬಂದ್ರ ಬರಲಿ ಅಂತ. ಅದನ್ನ ನೋಡಿ ಬೆಳದಾಂವ ನಾ. ನೀನೂ ಮಾತು ಬಿಡತಿ ಅಂತ ಹೆದರಿದೆ. ಸಿಟ್ಟಿನ ಗಂಡಗಾದ್ರೂ ಹೆಂಡ್ತಿ ಬೈತಾಳ. ಬೈಯಾಕರೆ ಮಾತಾಡತಾಳ.

ಆವತ್ತಿಂದು ಸುಳ್ಳು. ಸಿಟ್ಟೂ ಇರಲಿಲ್ಲ, ಜಗಳಾನೂ ಇರಲಿಲ್ಲ. ನೀ ಕೂಗಿದ್ದು ನನಗ ಕೇಳಸಲಿಲ್ಲ. ಕೇಳಿಸಿದ್ರ ಬಾಗಿಲು ಮುರಕೊಂಡು ಬರತಿದ್ದೆ, ಪ್ರತಿಮಾ. ನೀ ಒಳಗ ಬಿದ್ದು ನನ್ನ ಹೆಸರು ಹಿಡದು ಒದರಕತ್ತಿದ್ದಿ, ನಾ ಇಲ್ಲಿ ಮನಿ ಎಷ್ಟು ಗಪ್ಪಗೆ ಐತಿ ಅಂದುಕೊಂಡು ಕುಂತಿದ್ದೆ.

ಯಾಕ ಎದ್ದಿ? ಒಳಗ ಹೋಗಬ್ಯಾಡ. ಅತ್ತಿಯವರಿಗೆ ಆಮ್ಯಾಲೆ ಹೇಳೋಣು... ಪ್ರತಿಮಾ, ಬಾಗಿಲು ಹಿಡಕೊಂಡು ಹಿಂಗ ನಿಂತ್ರ ನಾ ಏನು ತಿಳಕೊಳ್ಳಲಿ? ಬೆನ್ನು ಅಲ್ಲಾಡಕತ್ತೈತಿ ನಿಂದು. ನಗತಿಯೋ, ಬೈತಿಯೋ... ಅಳತಿಯೇನು?

ಅಳು. ಅತ್ರ ಅಳು. ಆದ್ರ ಇಲ್ಲಿ ಬಂದು, ನನ್ನ ಕಡಿ ತಿರುಗಿ ಅಳು. ಹಂಗ ಹಿಂದ ತಿರುಗಿ ಅತ್ರ ನನಗ ಗೊತ್ತಾಗಂಗಿಲ್ಲ.